ಅಪ್ಪ ಮಲಗಿದ್ದಾರೆ

ನನ್ನ ಗಂಟಲು ದೊಡ್ಡದು. ಅಂಗಡಿಯೊಳಗೆ ಕೂತು ದಬ್ಬಳ ಕಳೆದುಹೋಯಿತೆಂದು ನನ್ನಷ್ಟಕ್ಕೆ ಬೈದುಕೊಂಡರೂ ಎದುರು ಸಾಲಿನ ಬೀಗದಂಗಡಿಯವನು ಅಲ್ಲಿಂದಲೇ, "ಕಾಲರಿನಲ್ಲೇ ಚುಚ್ಕೊಂಡಿದೀರಿ ನೋಡಿ ಅಕ್ಕಾ!" ಎಂದು ಕೂಗುತ್ತಾನೆ. ನನಗೆ ಫೋನೇ ಬೇಡವಂತೆ, ಕಿಟಕಿ ತೆರೆದರೆ ಸಾಕಂತೆ. ಅನ್ನಲಿ ಬಿಡಿ. ಹಾಸಿಗೆ, ದಿಂಬು ಹೊಲಿಯುವವಳು ನಾನು; ಮುಂದೆ ಅಂಗಡಿ, ಹಿಂದೆ ಮನೆ. ದಿನವಿಡೀ ಹತ್ತಿಯ ರಾಶಿಯ ನಡುವೆ ಕೂತವಳ ಮಾತು ಹತ್ತಿಯೊಳಗೇ ಹೂತುಹೋಗಬಾರದೆಂದು ಸ್ವಲ್ಪ ಏರಿಸಿಯೇ ಮಾತಾಡುತ್ತೇನೆ. ಇಂಥವಳ ಬೆನ್ನಿಗೆ ಹುಟ್ಟಿದ ತಮ್ಮನಿಗೆ ಬಾಯೇ ಇಲ್ಲ ಎಂದರೆ ಯಾರೂ ನಂಬುವುದಿಲ್ಲ.

ಅವನಿಗಾಗಿ ನಾನೊಂದು ಗಂಟೆ ತಂದೆ. ಅವನು ಹಾಸಿಗೆ ಹಿಡಿದಾಗ ನಮ್ಮ ಬೀದಿಯ ಡಾಕ್ಟರಮ್ಮ ಹೇಳಿದ್ದರು. "ಇವರನ್ನ ಮನೇಲೇ ಇಟ್ಕೊಳ್ಳಿ, ಅದೇ ಒಳ್ಳೇದು. ವಾರ್ಡಲ್ಲಿ ದೀಪ ಆರಲ್ಲ, ಸದ್ದು ನಿಲ್ಲಲ್ಲ. ಈ ಕಾಯಿಲೆಯವರು ಅಲ್ಲಿ ಇನ್ನಷ್ಟು ಕುಸೀತಾರೆ. ಆದ್ರೆ ಒಂದು ಮಾತು, ಬೇಕಾದಾಗ ಇವರು ನಿಮ್ಮನ್ನ ಕರೀಬೇಕು. ಕರೆಯೋಕಾಗಲ್ಲ ಅಂದ್ರೆ ಬೇರೆ ದಾರಿಯಿಲ್ಲ, ವಾರ್ಡಿಗೇ ಸೇರಿಸ್ಬೇಕಾಗುತ್ತೆ." ಇಷ್ಟೇ ತಾನೆ ಎಂದು ನಾನು ಹಳೇ ಸಾಮಾನಿನ ಅಂಗಡಿಗೆ ಹೋಗಿ, ಶಾಲೆಯಲ್ಲಿ ಹೊಡೆಯುವಂಥ, ಮರದ ಹಿಡಿಯ ಹಿತ್ತಾಳೆ ಗಂಟೆಯನ್ನು ಹುಡುಕಿ ತಂದು ಅವನ ದಿಂಬಿನ ಪಕ್ಕ ಇಟ್ಟೆ. "ನೀರು ಬೇಕಾ, ಹೊಡಿ. ಕಿಟಕಿ ಮುಚ್ಬೇಕಾ, ಹೊಡಿ. ಸುಮ್ನೆ ಬೇಜಾರಾಯ್ತಾ, ಹೊಡಿ. ನಿನ್ನಕ್ಕ ಓಡಿ ಬರ್ತಾಳೆ" ಎಂದೆ. ಅವನು ತಲೆಯಾಡಿಸಿದ.

ಚಳಿ ಕಳೆದು ಬಿಸಿಲು ಬಂತು. ಗಂಟೆ ಒಂದು ಸಲವೂ ಸದ್ದು ಮಾಡಲಿಲ್ಲ. ನನಗೋ ಹಿಗ್ಗೇ ಹಿಗ್ಗು. "ತಮ್ಮ ಹೇಗಿದಾನೆ?" ಎಂದವರಿಗೆಲ್ಲ, "ಗಂಟೇನೇ ಹೊಡೆದಿಲ್ಲ ಅಂದ್ಮೇಲೆ ಆರಾಮಾಗಿದಾನೆ ಅಂತ ತಾನೆ?" ಎಂದು ಹೇಳಿಕೊಂಡು ತಿರುಗಿದೆ. ಈಗ ಆ ಮಾತು ನೆನಪಾದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ತಮ್ಮ ಊರೊಳಗೆ ಓಡುವ ಬಸ್ಸಿನ ಡ್ರೈವರ್. ಡಿಪೋದಲ್ಲಿ ಅವನಿಗೆ ಮೌನಿ ಎಂದೇ ಹೆಸರು. ಅವನು ಹಾರ್ನ್ ಹೊಡೆದದ್ದನ್ನು ಕೇಳಿದವರಿಲ್ಲ. ಮುಂದೆ ಕೈಗಾಡಿ ಅಡ್ಡ ನಿಂತರೆ, ಅದು ತಾನಾಗಿ ಸರಿಯುವ ತನಕ ಕಾಯುವವರ ಪೈಕಿ. "ನಿನ್ನ ಬಸ್ಸಿನ ಹಾರ್ನು ಇನ್ನೂ ಹೊಸದಾಗೇ ಇದೆ ಮಾರಾಯ, ಬಿಚ್ಚಿ ನನ್ನ ಬಸ್ಸಿಗೆ ಹಾಕ್ಕೊಳ್ಳಲಾ?" ಎಂದು ಉಳಿದ ಡ್ರೈವರುಗಳು ಗೇಲಿ ಮಾಡುತ್ತಿದ್ದರು. ತಮ್ಮ ನಕ್ಕು ಸುಮ್ಮನಾಗುತ್ತಿದ್ದ. ನಾನೂ ನಗುತ್ತಿದ್ದೆ. ಸಾಧು ಪ್ರಾಣಿ, ಮಾತು ಬೆಳ್ಳಿ ಮೌನ ಬಂಗಾರ ಎಂದು ಹೆಮ್ಮೆ ಬೇರೆ.

ಎರಡು ವರ್ಷದ ಹಿಂದೆ ಅವನಿಗೊಂದು ಜ್ವರ ಬಂತು. ಬೀದಿಗೆಲ್ಲ ಬಂದಂಥದ್ದೇ. ಜ್ವರ ಹೋಯಿತು, ತಮ್ಮ ಮಾತ್ರ ಮೊದಲಿನ ಹಾಗೆ ಆಗಲಿಲ್ಲ. ಸ್ನಾನ ಮಾಡಿ ಬಂದರೆ ಅರ್ಧ ದಿನ ಮಲಗಬೇಕು. ತಲೆ ಬಾಚಿಕೊಂಡರೆ ತೋಳು ನಡುಗುತ್ತದೆ. ಎಷ್ಟು ನಿದ್ದೆ ಮಾಡಿದರೂ ಮಲಗುವಾಗಿನ ದಣಿವೇ ಎದ್ದಾಗಲೂ. ಬೆಳಕು ಕಣ್ಣಿಗೆ ಚುಚ್ಚುತ್ತದೆ, ಸದ್ದು ತಲೆಗೆ ಬಡಿಯುತ್ತದೆ. ಒಂದು ದಿನ ಸ್ಟಾಪಿನಲ್ಲಿ ನಿಲ್ಲಿಸಿದ ಬಸ್ಸನ್ನು ಮತ್ತೆ ಹೊರಡಿಸಲು ಕ್ಲಚ್ಚು ಒತ್ತಲಾಗದೆ ಸ್ಟೀರಿಂಗಿನ ಮೇಲೆ ಹಣೆಯಿಟ್ಟು ಕೂತುಬಿಟ್ಟನಂತೆ. ಆಗಲೂ ಯಾರಿಗೂ ಏನೂ ಹೇಳಲಿಲ್ಲ. ಹಿಂದಿನ ಬಸ್ಸಿನವನು ಹಾರ್ನ್ ಹೊಡೆದೂ ಹೊಡೆದೂ ಸಾಕಾಗಿ, ಬೈಯುತ್ತಾ ಇಳಿದು ಬಂದು ನೋಡಿದ ಮೇಲೆಯೇ ಗೊತ್ತಾದದ್ದು.

ರಕ್ತ, ಎಕ್ಸ್-ರೇ, ಸ್ಕ್ಯಾನು, ಎಲ್ಲಾ ಮಾಡಿಸಿದೆವು. ಎಲ್ಲಾ ನಾರ್ಮಲ್ಲು. ನನಗೆ ತಲೆ ಕೆಟ್ಟು ಕೆರ ಹಿಡಿಯಿತು. "ಎಲ್ಲಾ ನಾರ್ಮಲ್ಲಾದ್ರೆ ಇವನ್ಯಾಕೆ ಹೀಗೆ ಬಿದ್ದಿರ್ತಾನೆ?" ಎಂದು ಆಸ್ಪತ್ರೆಯಲ್ಲಿ ಡಾಕ್ಟರುಗಳ ಮೇಲೆ ಹಾರಿಬಿದ್ದೆ, ಮನೆಗೆ ಬಂದು ಅವನ ಮೇಲೆ. "ಅಕ್ಕ ಹಾಸಿಗೆ ಹೊಲೀತಾಳೆ ಅಂತ ನೀನು ಹಾಸಿಗೆ ಹಿಡೀಬೇಕೇನೋ? ಎದ್ದು ಓಡಾಡು, ಮೈ ಹಗುರಾಗುತ್ತೆ." ಅವನು ಎದ್ದು ಓಡಾಡುತ್ತಿದ್ದ. ಮಾರನೇ ದಿನ ಏಳುತ್ತಲೇ ಇರಲಿಲ್ಲ. ಎರಡಕ್ಕೂ ಸಂಬಂಧವಿದೆ ಎಂದು ನನ್ನ ದಡ್ಡ ತಲೆಗೆ ಹೊಳೆಯಲಿಲ್ಲ.

ನಮ್ಮ ಬೀದಿಯ ಕೊನೆಯಲ್ಲಿರುವ ಈ ಡಾಕ್ಟರಮ್ಮ ಮಾತ್ರ ಅವನನ್ನು ಕೂರಿಸಿಕೊಂಡು ಪೂರ್ತಿ ಕೇಳಿದರು. ಕೇಳಿ ಆದ ಮೇಲೆ ನನ್ನ ಕಡೆ ತಿರುಗಿದರು. "ಇದು ಸೋಮಾರಿತನ ಅಲ್ಲ. ದಣಿವೇ ಕಾಯಿಲೆಯಾಗಿ ಕೂತಿದೆ. ಕ್ರಾನಿಕ್ ಫಟೀಗ್ ಸಿಂಡ್ರೋಮ್ ಅಂತಾರೆ. ಜೊತೆಗೆ ಖಿನ್ನತೆನೂ ಇದೆ. ಇದೇ ಅದಲ್ಲ, ಅದೇ ಇದಲ್ಲ, ಆದ್ರೆ ಎರಡೂ ಒಂದೇ ಮನೇಲಿ ಬಾಡಿಗೆಗಿವೆ." ಖಿನ್ನತೆಗೆ ಮಾತ್ರೆ ಕೊಟ್ಟರು. ದಣಿವಿಗೆ ಮಾತ್ರೆಯಿಲ್ಲ ಎಂದರು. "ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋದು ನಿಮಗೆ ನಾನು ಹೇಳ್ಬೇಕಾ? ಇವರ ಹಾಸಿಗೆ ಈಗ ತುಂಬ ಚಿಕ್ಕದು. ಅದರೊಳಗೇ ಇರ್ಬೇಕು. ಸುಸ್ತಾಗೋ ಮೊದಲೇ 'ಸಾಕು' ಅನ್ಬೇಕು. ಅನ್ನದೇ ಮಿತಿ ದಾಟಿದ್ರೆ ಪ್ರತಿ ಸಲ ಒಂದು ಮೆಟ್ಟಿಲು ಕೆಳಗಿಳೀತಾರೆ. ಕೊನೇ ಮೆಟ್ಟಿಲು ಎಲ್ಲಿದೆ ಅಂತ ನನಗೂ ಗೊತ್ತಿಲ್ಲ."

ಆಮೇಲೆ ತಮ್ಮನನ್ನು ಕೇಳಿದರು, "ಚಿಕ್ಕಂದಿನಲ್ಲಿ ಮನೆ ಹೇಗಿತ್ತು?"

ತಮ್ಮ ನನ್ನ ಮುಖ ನೋಡಿದ. ಅವನ ಪರವಾಗಿ ಮಾತಾಡುವುದು ನನಗೆ ಅವನು ಹುಟ್ಟಿದಂದಿನಿಂದ ಬಂದ ಅಭ್ಯಾಸ. "ಏನೂ ತೊಂದ್ರೆ ಇರ್ಲಿಲ್ಲ ಡಾಕ್ಟ್ರೇ. ತುಂಬ ಶಾಂತವಾದ ಮನೆ ನಮ್ದು" ಎಂದೆ. ಸುಳ್ಳೇನಲ್ಲ. ನಮ್ಮಷ್ಟು ಶಾಂತವಾದ ಮನೆ ಆ ಬೀದಿಯಲ್ಲೇ ಇರಲಿಲ್ಲ.

ಅಪ್ಪನಿಗೆ ಗಾಜಿನ ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ಬೆಳಗ್ಗೆ ಬಂದು ಮಲಗಿದರೆ ಸಂಜೆಯವರೆಗೂ ನಿದ್ದೆ. ಆ ನಿದ್ದೆ ಕೆಟ್ಟರೆ ಗೂಟದಲ್ಲಿದ್ದ ಬೆಲ್ಟು ಕೈಗೆ ಬರುತ್ತಿತ್ತು. 'ಅಪ್ಪ ಮಲಗಿದ್ದಾರೆ.' ನಮ್ಮ ಮನೆಯಲ್ಲಿ ಇದಕ್ಕಿಂತ ದೊಡ್ಡ ಮಾತಿರಲಿಲ್ಲ. ಅಮ್ಮ ತಟ್ಟೆ ತಟ್ಟೆಯ ನಡುವೆ ಬಟ್ಟೆಯಿಟ್ಟು ಜೋಡಿಸುತ್ತಿದ್ದಳು. ಬಾಗಿಲನ್ನು ಎತ್ತಿ ಹಿಡಿದು ಮುಚ್ಚಬೇಕು, ಕೆಮ್ಮು ಬಂದರೆ ಹಿತ್ತಲಿಗೆ ಓಡಬೇಕು, ನಗು ಬಂದರೆ ನುಂಗಬೇಕು. ತಮ್ಮ ಇನ್ನೂ ಅಂಗನವಾಡಿಗೆ ಹೋಗುವಷ್ಟು ಚಿಕ್ಕವನು, ಒಮ್ಮೆ ಲೋಟ ಬೀಳಿಸಿದ. ಬೆನ್ನ ತುಂಬ ಬಾಸುಂಡೆ ಬಂತು. ನೋವಿಗೆ ಅತ್ತ. ಅತ್ತ ಸದ್ದಿಗೆ ಇನ್ನೊಂದು ಸುತ್ತು. ಅಮ್ಮ ಗೋಡೆಯ ಕಡೆ ತಿರುಗಿ ನಿಂತಿದ್ದಳು. ಅಂದಿನಿಂದ ಅವನು ಬಾಯಿ ತೆರೆಯುವ ಮೊದಲೇ ನನ್ನ ಅಂಗೈ ಅಲ್ಲಿರುತ್ತಿತ್ತು. ಅವನ ಬಾಯಿಗೆ ಅದು ಅಳತೆ ತೆಗೆದ ಹಾಗೆ ಹೊಂದುತ್ತಿತ್ತು.

ಆಮೇಲೆ ಹಳೇ ಪರದೆಯ ಬಟ್ಟೆ ಕತ್ತರಿಸಿ, ಅದರೊಳಗೆ ಸಿಕ್ಕ ಚಿಂದಿಯನ್ನೆಲ್ಲ ತುರುಕಿ, ಒಂದು ದಪ್ಪ ದಿಂಬು ಹೊಲಿದೆ. "ಅಳು ಬಂದ್ರೆ ಇದರೊಳಗೆ ಅಳು" ಎಂದು ಅವನಿಗೆ ಕೊಟ್ಟೆ. ನಾನು ಹೊಲಿದ ಮೊದಲ ದಿಂಬು ಅದೇ. ಅಂಗಡಿಗೆ ಬಂದವರು ಈ ಕೆಲಸ ಯಾರು ಕಲಿಸಿದರು ಎಂದು ಕೇಳಿದರೆ ಈ ಕಥೆಯನ್ನೇ ನಗುನಗುತ್ತಾ ಹೇಳುತ್ತಿದ್ದೆ. "ಅಕ್ಕ ಅಂದ್ರೆ ನಿಮ್ಮಂಗಿರ್ಬೇಕು!" ಎನ್ನುತ್ತಿದ್ದರು. ಕೇಳಿ ಕೇಳಿ ನಾನೂ ನಂಬಿದ್ದೆ.

ಅಮ್ಮ ಹೋದಳು, ಅಪ್ಪ ಈಗಲೂ ಇದ್ದಾರೆ. ಕಾರ್ಖಾನೆಯ ಗದ್ದಲಕ್ಕೋ ವಯಸ್ಸಿಗೋ ಕಿವಿ ಪೂರ್ತಿ ಹೋಗಿದೆ. ನಡುಮನೆಯಲ್ಲಿ ಟಿವಿಯ ಸದ್ದನ್ನು ಕೊನೆಯ ಗೆರೆಗೆ ಏರಿಸಿ, ಅದರ ಮುಂದಿನ ಕುರ್ಚಿಯಲ್ಲೇ ಬಾಯಿ ತೆರೆದು ನಿದ್ದೆ ಹೋಗುತ್ತಾರೆ. ಗೋಡೆಯ ಆಚೆಗೇ ತಮ್ಮನ ಕೋಣೆ. ನಾನು ಸದ್ದು ತಗ್ಗಿಸಿ ಬರುತ್ತೇನೆ, ಅವರು ಎದ್ದು ಏರಿಸುತ್ತಾರೆ. ಬೀದಿಯನ್ನೆಲ್ಲ ಗದರುವ ಬಾಯಿ ನನ್ನದು, ಅಪ್ಪನ ಮುಂದೆ ಮಾತ್ರ ಇಂದಿಗೂ ತೆರೆಯುವುದಿಲ್ಲ. ಅವರು ಬೆಲ್ಟು ಕಟ್ಟುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ಲಾಡಿಯ ಪೈಜಾಮಕ್ಕೆ ಬೆಲ್ಟು ಯಾಕೆ ಬೇಕು?

ಇದಿಷ್ಟು ಹಿಂದಿನದು. ಇನ್ನು ನಾನು ಮಾಡಿದ್ದು ಕೇಳಿ.

ಬೇಸಿಗೆಯ ಕೊನೆಗೆ ಒಂದು ಹಾಸ್ಟೆಲ್ಲಿನಿಂದ ದಿಂಬಿನ ಆರ್ಡರು ಬಂತು. ರಾಶಿ ಕೆಲಸ, ಕೈ ಕಡಿಮೆ. ಆ ವಾರ ತಮ್ಮ ಸ್ವಲ್ಪ ಚೇತರಿಸಿಕೊಂಡ ಹಾಗಿದ್ದ. ಎದ್ದು 'ಕಿಟಕಿ ಹತ್ರ ಕೂರ್ತೀನಿ' ಎಂದು ಕೂತಿದ್ದ. ಬೀದಿಯಲ್ಲಿ ಹೋದ ಬಸ್ಸನ್ನು ನೋಡಿ, "ಅದರ ಬ್ರೇಕು ಸರಿಯಿಲ್ಲ" ಎಂದಿದ್ದ. ನನಗೆ ಅಷ್ಟು ಸಾಕಾಯಿತು. "ಬಾರೋ, ಮುಂದೆ ಬಂದು ನಾಲ್ಕು ದಿಂಬಿಗೆ ಹತ್ತಿ ತುಂಬು. ಕೂತು ಮಾಡೋ ಕೆಲಸ ತಾನೆ? ಒಳಗೊಳಗೇ ಕೊರಗೋದು ತಪ್ಪುತ್ತೆ" ಎಂದೆ. "ಆಗುತ್ತೇನೋ?" ಎಂದೂ ಕೇಳಿದೆ, ಕೇಳಲಿಲ್ಲ ಅನ್ನಬೇಡಿ.

"ಆಗುತ್ತೆ" ಎಂದ.

ಬಂದು ಕೂತ. ಮೊದಲು ಮೂಲೆಗಳಿಗೆ ಹೆಬ್ಬೆರಳಿನಿಂದ ಹತ್ತಿ ಒತ್ತಿ, ಆಮೇಲೆ ನಡುವೆ ತುಂಬಬೇಕು. ಇಲ್ಲದಿದ್ದರೆ ದಿಂಬು ತಿಂಗಳೊಳಗೆ ಜೋಲು ಬೀಳುತ್ತದೆ. ಅದನ್ನು ನಾನು ಹೇಳಿಕೊಡಬೇಕಾಗಲಿಲ್ಲ, ಚಿಕ್ಕಂದಿನಿಂದ ನೋಡಿದ್ದಾನೆ. ಬೀಗದಂಗಡಿಯವನು ಎದುರಿನಿಂದ, "ಏನಪ್ಪಾ ಮೌನಿ, ಟಯರಿಗೆ ಗಾಳಿ ತುಂಬ್ತಾ ಇದೀಯಾ?" ಎಂದು ಕೂಗಿದ. ತಮ್ಮ ನಕ್ಕ. ಎಷ್ಟು ದಿನವಾಗಿತ್ತು ಅವನ ಹಲ್ಲು ನೋಡಿ! ನನಗೆ ಸ್ವರ್ಗ ಮೂರೇ ಗೇಣು. ನೋಡಿದಿರಾ ಡಾಕ್ಟರಮ್ಮ, ನನ್ನ ಔಷಧಿ ಹೇಗಿದೆ ಎಂದು ಮನಸ್ಸಿನಲ್ಲೇ ಬೀಗಿದೆ.

ಮಧ್ಯಾಹ್ನದ ಹೊತ್ತಿಗೆ ಅವನ ತುಟಿ ಬಿಳಿಚಿತ್ತು. ನೋಡಿದೆ. ಹತ್ತಿ ಹಿಡಿದ ಬೆರಳು ಸಣ್ಣಗೆ ನಡುಗುತ್ತಿತ್ತು. ಅದನ್ನೂ ನೋಡಿದೆ. "ಸಾಕಾ?" ಎಂದೆ. "ಪರವಾಗಿಲ್ಲ" ಎಂದ. ಪರವಾಗಿಲ್ಲ ಅಂದರೆ ಪರವಾಗಿಲ್ಲ ತಾನೆ? ರಾಶಿ ಇನ್ನೂ ಬಾಕಿ ಇತ್ತು. ಇನ್ನೊಂದು ಖಾಲಿ ದಿಂಬಿನ ಚೀಲ ತೆಗೆದು ಅವನ ತೊಡೆಯ ಮೇಲಿಟ್ಟೆ. ಅದಾದ ಮೇಲೆ ಇನ್ನೊಂದು. ಸಂಜೆ ಅವನು ಗೋಡೆ ಹಿಡಿದುಕೊಂಡು ಒಳಗೆ ಹೋದ.

ಮಾರನೇ ದಿನ ಬೆಳಗ್ಗೆ ಅವನ ಕೋಣೆಗೆ ಇಣುಕಿದೆ. ಗೋಡೆಗೆ ಮುಖ ಮಾಡಿ ಮಲಗಿದ್ದ. "ಹಾಸ್ಟೆಲ್ಲಿಗೆ ದಿಂಬು ಇಳಿಸಿ ಬರ್ತೀನಿ ಕಣೋ. ಅಪ್ಪನಿಗಂತೂ ಕೇಳಿಸಲ್ಲ, ಬೀಗದಂಗಡಿಯವನಿಗೆ ಹೇಳಿದೀನಿ. ಏನಾದ್ರೂ ಬೇಕಾದ್ರೆ ಗಂಟೆ ಹೊಡಿ, ಅವನು ಓಡಿ ಬರ್ತಾನೆ" ಎಂದೆ. ಅವನು ಕೈಯೆತ್ತಿ, ಹೋಗಿ ಬಾ ಎಂಬಂತೆ ಆಡಿಸಿದ. ಹೋದೆ.

ದಿಂಬು ಇಳಿಸಿ, ಎಲ್ಲ ಕೋಣೆಗೂ ಹಂಚಿ ಬರುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ಬೀದಿಯ ತಿರುವಿಗೇ ನಮ್ಮ ಮನೆಯ ಟಿವಿ ಕೇಳುತ್ತಿತ್ತು. ಬೀಗದಂಗಡಿಯವನು ತಲೆ ಹೊರಹಾಕಿ, "ಗಂಟೆ ಸದ್ದೇ ಇಲ್ಲ ಅಕ್ಕಾ, ಊಟಕ್ಕೂ ಹೋಗ್ದೆ ಕೂತಿದೀನಿ" ಎಂದ. "ಹಾಗಾದ್ರೆ ಆರಾಮಾಗಿದಾನೆ ಬಿಡು" ಎಂದೆ. ನೋಡಿ, ಮತ್ತೆ ಅದೇ ಮಾತು.

ನಡುಮನೆಯಲ್ಲಿ ಅಪ್ಪ ಕುರ್ಚಿಯಲ್ಲಿ ನಿದ್ದೆ ಹೋಗಿದ್ದರು. ಅವರನ್ನು ದಾಟಿ ಒಳಗೆ ಹೋದೆ. ಕೋಣೆಗೂ ಬಚ್ಚಲಿಗೂ ನಡುವಿನ ದಾರಿಯಲ್ಲಿ ತಮ್ಮ ನೆಲದ ಮೇಲೆ ಬಿದ್ದಿದ್ದ. ಕೆನ್ನೆ ತಣ್ಣನೆಯ ಕಲ್ಲಿಗೆ ಅಂಟಿತ್ತು, ಪೈಜಾಮ ಒದ್ದೆಯಾಗಿತ್ತು. ಕಣ್ಣು ತೆರೆದೇ ಇತ್ತು. ಎದೆಗೆ ಒತ್ತಿಕೊಂಡ ಕೈಯಲ್ಲಿ ಗಂಟೆ. ಮರದ ಹಿಡಿಯನ್ನು ಹಿಡಿದಿರಲಿಲ್ಲ. ಗಂಟೆಯ ಬಾಯೊಳಗೆ ಬೆರಳು ತೂರಿಸಿ, ಒಳಗಿನ ನಾಲಿಗೆಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದ, ಅಪ್ಪಿತಪ್ಪಿಯೂ ಸದ್ದಾಗಬಾರದು ಎಂಬಂತೆ.

"ಯಾವಾಗ ಬಿದ್ಯೋ?"

"ನೀನು ಹೋದ್ಮೇಲೆ."

"ಹೊಡೀಬಾರದಿತ್ತಾ? ಕೈಯಲ್ಲೇ ಇದೆಯಲ್ಲೋ ಮಹಾರಾಯಾ, ಹೊಡೀಬಾರದಿತ್ತಾ?"

ಅವನು ನಡುಮನೆಯ ಕಡೆ ಕಣ್ಣು ಹೊರಳಿಸಿದ. ಟಿವಿಯಲ್ಲಿ ಯಾರೋ ಗಂಟಲು ಹರಿಯುವಂತೆ ಅರಚುತ್ತಿದ್ದರು. ಆ ಅರಚಾಟದ ನಡುವೆ ಪಿಸುಗುಟ್ಟಿದ, "ಅಪ್ಪ ಮಲಗಿದ್ರು."

ಗುಡುಗಿದರೂ ಏಳದ ಕಿವುಡ ಮುದುಕನ ನಿದ್ದೆ ಕೆಡಬಾರದೆಂದು, ಊರೊಳಗೆ ಅಷ್ಟು ದೊಡ್ಡ ಬಸ್ಸು ಓಡಿಸಿದ ಗಂಡಸು, ಬೆಳಗಿನಿಂದ ತನ್ನ ಉಚ್ಚೆಯಲ್ಲೇ ಬಿದ್ದುಕೊಂಡಿದ್ದ. ಅವನನ್ನು ತಬ್ಬಿಕೊಂಡು ಬೀಗದಂಗಡಿಯವನನ್ನು ಕೂಗಿದೆ. ಇಬ್ಬರೂ ಸೇರಿ ಎತ್ತಿ ಹಾಸಿಗೆಗೆ ಹಾಕಿದೆವು. ಆ ಓಡಾಟಕ್ಕೆ ನೆಲ ಅದುರಿರಬೇಕು, ಅಪ್ಪ ಎದ್ದು ಬಂದು ಬಾಗಿಲಲ್ಲಿ ನಿಂತರು.

"ಏನಾಯ್ತು? ಬಿದ್ನಾ?" ಎಂದು ಎಂದಿನ ಏರುದನಿಯಲ್ಲೇ ಕೇಳಿದರು. "ಕೂಗೋಕೇನಾಗಿತ್ತು ಇವನಿಗೆ? ಬಾಯಿದ್ದೋನು ಬರಗಾಲದಲ್ಲೂ ಬದುಕ್ತಾನಂತೆ. ಇವನಿಗೆ ಬಾಯಿಲ್ವಾ?"

"ಇವನ ಬಾಯಿ ಹೊಲಿದುಬಿಟ್ರಲ್ಲಪ್ಪಾ!" ಎಂದು ಕಿರುಚಿದೆ. ಜೀವಮಾನದಲ್ಲಿ ಮೊದಲ ಸಲ ಅಪ್ಪನ ಮೇಲೆ ಕಿರುಚಿದ್ದು. "ಆಂ?" ಎಂದು ಅವರು ಕಿವಿಗೆ ಕೈ ಹಿಡಿದು ಮುಂದೆ ಬಾಗಿದರು. ಎರಡನೇ ಸಲ ಹೇಳಲು ಬಾಯಿ ತೆರೆದೆ. ನನ್ನ ಕೈಯೇ ಕಣ್ಣಿಗೆ ಬಿತ್ತು. ಈ ಮನೆಯಲ್ಲಿ ಹೊಲಿಯುವ ಕೆಲಸ ಯಾರದ್ದು?

ಡಾಕ್ಟರಮ್ಮ ಮನೆಗೇ ಬಂದರು. ಪರೀಕ್ಷೆ ಮಾಡಿ, ತುಂಬ ಕೆಳಗಿಳಿದಿದ್ದಾರೆ, ಮೊನ್ನೆಯ ಮೆಟ್ಟಿಲಿಗೆ ಮರಳಲು ತಿಂಗಳುಗಟ್ಟಲೆ ಬೇಕು, ಬಾರದೆಯೂ ಇರಬಹುದು ಎಂದರು. ಅವನ ಪಕ್ಕ ಕೂತು ಏನೋ ಮೆಲ್ಲಗೆ ಕೇಳಿದರು. "ಬೆಳಗಾದ್ರೆ ಇನ್ನೊಂದು ದಿನ ಬಂತಲ್ಲಾ ಅನ್ಸುತ್ತೆ" ಎಂದ ತಮ್ಮ, ಕಣ್ಣು ಮುಚ್ಚಿಕೊಂಡೇ. ನಾನು ಬಾಗಿಲ ಹಿಂದೆ ನಿಂತಿದ್ದೆ. ನನ್ನೆದುರು ಅವನು ಹೀಗೆ ಒಂದು ದಿನವೂ ಹೇಳಿರಲಿಲ್ಲ. ಹೇಳಲು ನಾನೆಲ್ಲಿ ಬಿಟ್ಟಿದ್ದೆ? ಮಾತೆಲ್ಲ ನನ್ನದೇ ಆಗಿತ್ತಲ್ಲ.

ಡಾಕ್ಟರಮ್ಮ ಹೊರಡುವಾಗ ಅಂಗಡಿಯಲ್ಲಿ ಅಡ್ಡಗಟ್ಟಿದೆ. "ಶಾಂತವಾದ ಮನೆ ಅಂದಿದ್ದೆ ಡಾಕ್ಟ್ರೇ. ಅದು ಶಾಂತಿ ಅಲ್ಲ, ಹೆದರಿಕೆ" ಎಂದೆ. ಬೆಲ್ಟು, ಲೋಟ, ನನ್ನ ಅಂಗೈ, ಆ ದಿಂಬು, ಎಲ್ಲವನ್ನೂ ಹೇಳಿದೆ. ಹಾರಾಡುವ ಹತ್ತಿಯ ಎಳೆಗಳ ನಡುವೆ ಅವರು ನಿಂತೇ ಕೇಳಿದರು. "ನನ್ನಿಂದ್ಲೇ ಬಂತಾ ಇವನಿಗೆ ಇದು?"

"ಚಿಕ್ಕಂದಿನಲ್ಲಿ ಹಾಗೆ ಹೆದರಿ ಬೆಳೆದವರಲ್ಲಿ ಈ ದಣಿವು, ಈ ಖಿನ್ನತೆ ಹೆಚ್ಚಾಗಿ ಕಾಣುತ್ತೆ ಅಂತಾರೆ. ಇವರಿಗೆ ಅದ್ರಿಂದಲೇ ಬಂತು ಅಂತ ನಾನು ಹೇಳಲ್ಲ, ಯಾರೂ ಹೇಳೋಕಾಗಲ್ಲ. ನೀವೂ ಆಗ ಮಗುನೇ ಅಲ್ವಾ? ಏಟು ತಪ್ಪಿಸಿದ್ರಿ."

ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೆ ಆಗ ಮಗುವಾಗಿದ್ದೆ ಸರಿ, ಮೊನ್ನೆ ಅವನ ತುಟಿ ಬಿಳಿಚಿದ್ದನ್ನು ನೋಡಿಯೂ ತೊಡೆಯ ಮೇಲೆ ಇನ್ನೊಂದು ಚೀಲ ಇಟ್ಟಾಗ ನಾನು ಮಗುವೇ? ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

"ಮುಂದಿನ ವಾರ ಮತ್ತೆ ಬರ್ತೀನಿ" ಎಂದರು ಡಾಕ್ಟರಮ್ಮ. "ಅಷ್ಟರಲ್ಲಿ ಅವರು ಗಂಟೆ ಹೊಡೆದು ನಿಮ್ಮನ್ನ ಕರೀಬೇಕು. ಒಂದೇ ಒಂದು ಸಲ ಆದ್ರೂ ಸರಿ. ಇಲ್ಲಾಂದ್ರೆ ಇಲ್ಲಿ ಬಿಡೋಕೆ ನನಗೆ ಧೈರ್ಯ ಇಲ್ಲ."

ಆ ವಾರ ಪೂರ್ತಿ ಅಂಗಡಿ ಅರ್ಧ ಬಾಗಿಲು. ನಾನು ಕೋಣೆಯ ಹೊರಗೇ ಕೂತು ಕಾಯುತ್ತಿದ್ದೆ. ಒಳಗೆ ಅವನು ಗಂಟೆಯನ್ನು ಕೈಗೆ ತೆಗೆದುಕೊಳ್ಳುವುದು ಗೊತ್ತಾಗುತ್ತಿತ್ತು. ಮತ್ತೆ ಅದನ್ನು ಇಡುವುದೂ ಗೊತ್ತಾಗುತ್ತಿತ್ತು. ಬೀಗದಂಗಡಿಯವನು ಒಂದು ಸೈಕಲ್ ಬೆಲ್ಲು ತಂದುಕೊಟ್ಟ. "ಇದಕ್ಕೆ ನಾಲಿಗೆ ಒಳಗಡೆ ಇರುತ್ತೆ ಅಕ್ಕಾ, ಹಿಡಿಯೋಕೆ ಸಿಗಲ್ಲ" ಎಂದು ಬುದ್ಧಿವಂತಿಕೆ ತೋರಿಸಿದ. ತಮ್ಮ ಅದನ್ನು ಒತ್ತಿದ ನಿಜ, ಆದರೆ ಒತ್ತುವ ಮೊದಲು ಇನ್ನೊಂದು ಅಂಗೈಯನ್ನು ಅದರ ಮೇಲೆ ಮುಚ್ಚಿದ. ಟಕ್ ಎಂದಿತು, ಅಷ್ಟೇ. ಬೀಗದಂಗಡಿಯವನು ನಗಲು ಹೊರಟು, ನನ್ನ ಮುಖ ನೋಡಿ ಬೆಲ್ಲು ವಾಪಸ್ಸು ತೆಗೆದುಕೊಂಡು ಹೋದ.

ಡಾಕ್ಟರಮ್ಮ ಬರುವ ಹಿಂದಿನ ದಿನ ಮಧ್ಯಾಹ್ನ ಅವನ ಹಾಸಿಗೆಯ ಅಂಚಿಗೆ ಕೂತೆ. ಪರದೆ ಎಳೆದಿತ್ತು. ಗೋಡೆಯಾಚೆ ಟಿವಿ ಮೊಳಗುತ್ತಿತ್ತು, ಅಪ್ಪ ನಿದ್ದೆಯಲ್ಲಿದ್ದರು.

"ನಾಳೆ ಬರ್ತಾರೆ ಕಣೋ."

"ಗೊತ್ತು."

"ವಾರ್ಡಿಗೆ ಹೋಗ್ತೀಯಾ?"

"ನಿನಗೆ ಹಗುರಾಗುತ್ತೆ" ಎಂದ.

"ನಂಗೆ ಹಗುರ ಬೇಡ ಕಣೋ, ನೀನು ಬೇಕು. ಅವತ್ತು ನಿನ್ನ ತುಟಿ ಬಿಳಿಚಿದ್ದು ನೋಡಿದ್ದೆ. ನೋಡಿಯೂ ಇನ್ನೊಂದು ಚೀಲ ಕೊಟ್ಟೆ. ತಪ್ಪು ನಂದು."

"ನಾನೇ ಹೇಳ್ಬೇಕಿತ್ತು."

"ಹೇಳೋಕೆ ನಿನಗೆ ಯಾರು ಕಲಿಸಿದ್ರು? ನಾನು ಕಲಿಸಿದ್ದು ಬಾಯಿ ಮುಚ್ಚೋದನ್ನ ಒಂದೇ." ಗಂಟೆಯನ್ನು ತೆಗೆದು ಅದರ ಹಿಡಿಯನ್ನು ಅವನ ಕೈಗೆ ಕೊಟ್ಟು, ಅದರ ಮೇಲೆ ನನ್ನ ಬಲಗೈ ಇಟ್ಟೆ. "ಒಬ್ಬನಿಗೇ ಆಗಲ್ಲ ಅಂದ್ರೆ ಇಬ್ರೂ ಸೇರಿ ಹೊಡೆಯೋಣ. ಏನಾಗುತ್ತೋ ನೋಡೇಬಿಡೋಣ."

ಹೊಡೆದೆವು. ಒಂದೇ ಏಟು. ಆ ಚಿಕ್ಕ ಕೋಣೆಯಲ್ಲಿ ಹಿತ್ತಾಳೆ ಗಂಟೆ ಮನೆ ಬಿದ್ದ ಹಾಗೆ ಸದ್ದು ಮಾಡಿತು. ಇಬ್ಬರ ಕಣ್ಣೂ ಬಾಗಿಲಿಗೆ ನೆಟ್ಟವು. ನಡುಮನೆಯಲ್ಲಿ ಅಪ್ಪನ ಹಳೇ ಮಂಚ ಕಿರುಗುಟ್ಟುವುದನ್ನು, ಗೂಟದಿಂದ ಬೆಲ್ಟು ಇಳಿಯುವುದನ್ನು ಕಾಯುತ್ತಾ ಮೈಯೆಲ್ಲ ಕಿವಿಯಾಗಿ ಕೂತಿದ್ದೆವು. ಆ ಮಂಚವನ್ನು ಗುಜರಿಗೆ ಹಾಕಿ ಯಾವ ಕಾಲವಾಯಿತು! ಯಾರೂ ಬರಲಿಲ್ಲ. ಟಿವಿ ತನ್ನಷ್ಟಕ್ಕೆ ಅರಚುತ್ತಿತ್ತು.

ಆಗ ನೋಡಿಕೊಂಡೆ. ನನ್ನ ಎಡ ಅಂಗೈ ಅವನ ಬಾಯಿಯ ಮೇಲಿತ್ತು.

ನಾನು ಇಟ್ಟಿರಲಿಲ್ಲ, ಅದು ತಾನಾಗಿ ಹೋಗಿತ್ತು. ಗಂಟೆ ಹೊಡಿ ಎಂದು ಹೊಡೆಸಿದವಳೂ ನಾನೇ, ಬಾಯಿ ಮುಚ್ಚಿದವಳೂ ನಾನೇ. ಅಂಗೈಗೆ ಅವನ ಗಡ್ಡ ಚುಚ್ಚುತ್ತಿತ್ತು, ಬಿಸಿಯುಸಿರು ತಾಗುತ್ತಿತ್ತು. ತೆಗೆಯಬೇಕು ಅನ್ನಿಸಿತು, ನಾಚಿಕೆಗೆ ಕೈ ಮರಗಟ್ಟಿಹೋಗಿತ್ತು. ಅವನೇ ತೆಗೆದ. ನಡುಗುವ ಕೈಯಿಂದ ನನ್ನ ಒಂದೊಂದೇ ಬೆರಳನ್ನು ಎತ್ತಿ, ನಡುನಡುವೆ ನಿಂತು ಉಸಿರು ತೆಗೆದುಕೊಂಡು, ಕೊನೆಗೆ ಕೈಯನ್ನು ಪೂರ್ತಿ ಸರಿಸಿ ನನ್ನ ಮಡಿಲಿನಲ್ಲಿ ಇಟ್ಟ.

"ಸಾಕಕ್ಕಾ" ಎಂದ. ಪಿಸುಮಾತಲ್ಲ, ಅವನ ನಿಜವಾದ ದನಿ. "ನಂಗೆ ಸುಸ್ತಾಯ್ತು. ನೀನು ಹೊರಗೆ ಹೋಗು."

ಜೀವಮಾನದಲ್ಲಿ ಅವನು ನನ್ನನ್ನು ಹೊರಗೆ ಹೋಗು ಎಂದದ್ದು ಅದೇ ಮೊದಲು. ಎದ್ದು ಬಂದೆ.

ನಡುಮನೆಗೆ ಬಂದು ಟಿವಿಯ ವೈರನ್ನು ಗೋಡೆಯಿಂದ ಕಿತ್ತೆ. ಎದುರಿನ ಬೆಳಕು ಹೋದದ್ದಕ್ಕೆ ಅಪ್ಪನಿಗೆ ಎಚ್ಚರವಾಯಿತು. "ಯಾಕೆ ಆರಿಸ್ದೆ?" ಎಂದು ಗುಡುಗಿದರು. ಕೂಗಿ ಹೇಳಿದರೆ ಒಳಗೆ ತಮ್ಮನ ತಲೆಗೆ ಬಡಿಯುತ್ತದೆ, ಮೆಲ್ಲಗೆ ಹೇಳಿದರೆ ಇವರಿಗೆ ಕೇಳಿಸುವುದಿಲ್ಲ. ಅವರ ಮುಂದೆ ಮಂಡಿಯೂರಿ ಕೂತು, ನನ್ನ ತುಟಿ ಕಾಣುವ ಹಾಗೆ ಮುಖ ಹಿಡಿದು, ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ, "ತಮ್ಮ ಮಲಗಿದ್ದಾನೆ."

ಹೇಳಿ ತುಟಿಯ ಮೇಲೆ ಬೆರಳಿಟ್ಟೆ. ಅಪ್ಪ ಆ ಬೆರಳನ್ನೇ ನೋಡುತ್ತಾ ಕೂತರು. ಅದರ ಅರ್ಥವನ್ನು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ತೆರೆದ ಬಾಯಿಯನ್ನು ಮುಚ್ಚಿಕೊಂಡರು. ತಮಗೆ ಗೊತ್ತಿದ್ದ ಮಟ್ಟಿಗೆ ದನಿ ತಗ್ಗಿಸಿ, "ಎಷ್ಟು ಹೊತ್ತು?" ಎಂದು ಕೇಳಿದರು.

"ಅವನು ಗಂಟೆ ಹೊಡೆಯೋವರೆಗೆ" ಎಂದೆ. ಅವರಿಗೆ ಗೊತ್ತಾಯಿತೋ ಇಲ್ಲವೋ. ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಕಪ್ಪಾದ ಟಿವಿಯ ಕಡೆ ನೋಡುತ್ತಾ ಅಲುಗದೆ ಕೂತರು. ಹೆದರಿದ ಮುದುಕನ ಹಾಗೆ ಕಂಡರು. ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ.

ಅಂಗಡಿಗೆ ಬಂದು ದಬ್ಬಳ ಹಿಡಿದು ಕೂತೆ, ಹೊಲಿಯಲಿಲ್ಲ. "ಏನಕ್ಕಾ, ಗಂಟಲು ಕೆಟ್ಟಿದೆಯಾ?" ಎಂದು ಎದುರಿನಿಂದ ಕೂಗು ಬಂತು. ಬೀಗದಂಗಡಿಯವನಿಗೂ ತುಟಿಯ ಮೇಲೆ ಬೆರಳಿಟ್ಟು ತೋರಿಸಿದೆ. ಮನೆಯಲ್ಲಿ ಅಂಥ ನಿಶ್ಶಬ್ದ ನಾನು ಎಷ್ಟೋ ವರ್ಷದಿಂದ ಕೇಳಿರಲಿಲ್ಲ, ಕೇಳುತ್ತಾ ಮೈ ಮುದುಡಿತು.

ಬೀದಿಯ ದೀಪ ಹತ್ತುವ ಮೊದಲು ಒಳಗಿನಿಂದ ಸದ್ದು ಬಂತು. ಪೂರ್ತಿ ಏಟಲ್ಲ, ನಾಲಿಗೆ ಅಂಚಿಗೆ ತಾಗಿ ನಿಂತ ಹಾಗೆ, ಅರ್ಧ. ಮೊದಲು ನಂಬಲಿಲ್ಲ. ಆಮೇಲೆ ಮತ್ತೊಮ್ಮೆ ಬಂತು. ದಬ್ಬಳ ಎಲ್ಲಿ ಎಸೆದೆನೋ ಗೊತ್ತಿಲ್ಲ, ಬರಿಗಾಲಲ್ಲಿ ಓಡಿದೆ. ಅಪ್ಪನ ಕುರ್ಚಿಗೆ ತೊಡರಿ ಬೀಳುವವಳು ಸಾವರಿಸಿಕೊಂಡು ಅವನ ಬಾಗಿಲಲ್ಲಿ ನಿಂತೆ.

"ನೀರು" ಎಂದ.

ಕುತ್ತಿಗೆಗೆ ಕೈ ಕೊಟ್ಟು ಕುಡಿಸಿದೆ. ಒಂದು ಲೋಟ ಪೂರ್ತಿ ಕುಡಿದು ಇನ್ನೊಂದು ಕೇಳಿದ, ಅದನ್ನೂ ಒಂದೇ ಉಸಿರಿಗೆ ಕುಡಿದ. ಎಷ್ಟು ಹೊತ್ತಿನಿಂದ ಬಾಯಾರಿತ್ತೋ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ.